ಕೊನೇ ಬಾಲ್ ಬೀಳುವ ತನಕ

ನಾನು ಕಾಲೇಜಿನಿಂದ ಹೊರಡುವುದು ತಡವಾದಾಗಲೆಲ್ಲ ನನ್ನ ಗಂಡ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು: “ಬಾಲ್ ಬಿತ್ತಾ?” ಬಿತ್ತು ಅಂದರೆ ಎದ್ದು ಕುಕ್ಕರ್ ಇಡುತ್ತಿದ್ದರು. ಇಲ್ಲ ಅಂದರೆ ಸೋಫಾದಲ್ಲಿ ಇನ್ನೊಂದು ಮಗ್ಗುಲು. ಈ ಪರದೇಶದಲ್ಲಿ, ಬೆಡೋಕ್‌ನ ನಮ್ಮ ಫ್ಲ್ಯಾಟಿನಲ್ಲಿ ಐದಾರು ವರ್ಷ ಊಟದ ಹೊತ್ತನ್ನು ನಿರ್ಧರಿಸಿದ್ದು ಗಡಿಯಾರವಲ್ಲ, ಯಾವಳೋ ಹದಿನೇಳು ವರ್ಷದ ಹುಡುಗಿ ಎಸೆದ ಬ್ಯಾಸ್ಕೆಟ್‌ಬಾಲ್. ಇದಕ್ಕೆಲ್ಲ ಕಾರಣರಾದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಹುಬ್ಬಳ್ಳಿಯಲ್ಲಿ, ತಮ್ಮ ಅಕ್ಕನ ಮನೆಯಲ್ಲಿ, ನಿದ್ದೆಯಲ್ಲೇ. ಅಂದಿನಿಂದ ನನಗೆ ಯಾವ ಕೆಲಸಕ್ಕೂ ಕೈ ಏಳುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಹುಡುಗಿಯರಿಗೆ ಕೋಚ್, ಪ್ರಿನ್ಸಿಪಾಲರಿಗೆ ಕೋಚ್, ಕ್ಯಾಂಟೀನಿನ ಆಂಟಿಗೂ ಕೋಚ್. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಮೇಡಂ’ ಅನ್ನುತ್ತಿದ್ದರು, ಅದೂ ಸಿಟ್ಟು ಬಂದಾಗ ‘ಮೇಡಮ್ಮಾರೇ’ ಆಗುತ್ತಿತ್ತು.

ಮೊದಲು ನಮ್ಮ ಕಾಲೇಜಿನ ಮಾತು ಹೇಳಿಬಿಡುತ್ತೇನೆ. ಅದೊಂದು ಸಣ್ಣ ಜೂನಿಯರ್ ಕಾಲೇಜು, ನಮ್ಮೂರ ಪಿಯುಸಿ ಇದ್ದಂತೆ. ಮಕ್ಕಳು ಬರುವುದು ಎರಡೇ ವರ್ಷಕ್ಕೆ. ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಸೀಟು ಸಿಗದವರು ನಮ್ಮಲ್ಲಿಗೆ ಬರುತ್ತಾರೆ, ಸುಮ್ಮನೆ ಯಾಕೆ ಸುಳ್ಳು ಹೇಳಲಿ. ನಾನಲ್ಲಿ ಮ್ಯಾಥ್ಸ್ ಪಾಠ ಮಾಡುತ್ತೇನೆ. ಇಲ್ಲಿ ಪ್ರತಿಯೊಬ್ಬ ಟೀಚರೂ ಮಕ್ಕಳ ಒಂದು ಆಟವನ್ನೋ ಕ್ಲಬ್ಬನ್ನೋ ವಹಿಸಿಕೊಳ್ಳಬೇಕು. ವೀಣೆ ಕಲಿತವಳು, ಯಾವುದಾದರೂ ಸಂಗೀತದ ಗುಂಪು ಕೊಟ್ಟಾರು ಅಂತ ಕಾದಿದ್ದರೆ ನನ್ನ ತಲೆಗೆ ಕಟ್ಟಿದ್ದು ಹುಡುಗಿಯರ ಬ್ಯಾಸ್ಕೆಟ್‌ಬಾಲ್. ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳು, ಜೀವಮಾನದಲ್ಲಿ ಓಡಿದ್ದು ಸಿಟಿ ಬಸ್ಸಿಗೆ ಮಾತ್ರ. ಹೋಗಿ ನೋಡಿದರೆ ಹದಿನಾರು ಹುಡುಗಿಯರಿದ್ದಾರೆ, ಕೋಚ್ ಇಲ್ಲ. ಇದ್ದವನು ವರ್ಷದ ಮಧ್ಯದಲ್ಲಿ ಬಿಟ್ಟುಹೋಗಿದ್ದ.

ಆ ವರ್ಷದ ಯುಗಾದಿಗೆ ಕನ್ನಡದವರೆಲ್ಲ ಒಂದು ಕಾಂಡೋ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೇರಿದ್ದೆವು. ಹೋಳಿಗೆ ಸಾಲಿನಲ್ಲಿ ನನ್ನ ಮುಂದೆ ತಾಳೆಮರದಷ್ಟು ಎತ್ತರದ, ಹಣೆ ತುಂಬ ವಿಭೂತಿ ಹಚ್ಚಿದ ಒಬ್ಬರು ನಿಂತಿದ್ದರು. ಬ್ಯಾಂಕಿನ ದೊಡ್ಡ ಹುದ್ದೆಯ ಅಂಕಲ್ ಒಬ್ಬರು ಅವರನ್ನು ಕೇಳಿದರು: “ನಿಮ್ಮ ಮಿಸೆಸ್ ಬ್ಯೂನಾ ವಿಸ್ಟಾದಲ್ಲಿ ರಿಸರ್ಚ್ ಅಲ್ವಾ? ನೀವ್ ಯಾವ ಕಂಪನಿ?”

“ನಾ ಮನ್ಯಾಗ ಇರ್ತೀನ್ರಿ. ರೊಟ್ಟಿ ಬಡಿತೀನಿ.”

ಅಂಕಲ್ ‘ಓ ನೈಸ್, ನೈಸ್’ ಎನ್ನುತ್ತ ಪಾಯಸದ ಕಡೆ ಸರಿದುಹೋದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಹಾಗೇ ಮಾತಾಡುತ್ತ ಗೊತ್ತಾಯಿತು, ಹುಬ್ಬಳ್ಳಿಯಲ್ಲಿ ಆಟದ ಕೋಟಾದಲ್ಲೇ ಸರ್ಕಾರಿ ಕೆಲಸ ಸಿಕ್ಕಿತ್ತಂತೆ, ವರ್ಷಗಟ್ಟಲೆ ಬ್ಯಾಸ್ಕೆಟ್‌ಬಾಲ್ ಆಡಿದ್ದರಂತೆ, ಹೆಂಡತಿಗೆ ಇಲ್ಲಿ ಕೆಲಸವಾದ ಮೇಲೆ ರಾಜೀನಾಮೆ ಕೊಟ್ಟು ಬಂದರಂತೆ. ನಾನು ತಟ್ಟೆಯಲ್ಲಿದ್ದ ಹೋಳಿಗೆ ಮುಟ್ಟಲಿಲ್ಲ. “ಸರ್, ದಯವಿಟ್ಟು ನಮ್ ಹುಡುಗೀರನ್ನ ಒಂದ್ಸಲ ಬಂದು ನೋಡಿ” ಅಂತ ಕೈ ಮುಗಿಯುವುದೊಂದು ಬಾಕಿ.

ಬಂದರು. ಬ್ಯೂನಾ ವಿಸ್ಟಾದಿಂದ ನಮ್ಮಲ್ಲಿಗೆ ಬರಬೇಕೆಂದರೆ ಊರಿನ ಆ ತುದಿಯಿಂದ ಈ ತುದಿಗೆ ಎಂಆರ್‌ಟಿ ರೈಲಿನಲ್ಲಿ ಕೂರಬೇಕು. ಆದರೂ ಬಂದರು, ಮಾರನೇ ವಾರವೂ ಬಂದರು, ಆಮೇಲೆ ಬರುತ್ತಲೇ ಇದ್ದರು.

ಅವರು ಕೂರುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದೆ. ಬೆಂಚಿದ್ದರೂ ಕೂರುವವರಲ್ಲ. ಅಂಗಳದ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ನೋಡುವರು. ಬೆವರಿಗೆ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಮೊದಲ ವಾರ ಒಬ್ಬ ಹುಡುಗಿ ಟಿಶ್ಯೂ ತಂದುಕೊಟ್ಟು, “ಕೋಚ್, ಯುವರ್ ಸನ್‌ಸ್ಕ್ರೀನ್ ಆಲ್ ಕಮಿಂಗ್ ಡೌನ್ ಲಾ” ಅಂದಳು. ಅವರು ಒರೆಸಿಕೊಂಡು, “ಥ್ಯಾಂಕ್ಯೂ ಅವ್ವಾ” ಅಂದರು. ಅಷ್ಟೇ. ವಿಭೂತಿ ಅಂದರೇನು ಅಂತ ಭಾಷಣ ಬಿಗಿಯಲಿಲ್ಲ. ಮಾರನೇ ದಿನ ಮತ್ತೆ ಹಚ್ಚಿಕೊಂಡೇ ಬಂದರು.

ನನ್ನ ಮುಂದೆ, ನಮ್ಮ ಮೈಸೂರು ಬೆಂಗಳೂರಿನವರ ಮುಂದೆ ತಮ್ಮ ಹುಬ್ಬಳ್ಳಿ ಮಾತನ್ನು ಆದಷ್ಟೂ ಮೆತ್ತಗೆ ಆಡಲು ನೋಡುತ್ತಿದ್ದರು. ಅಂಗಳಕ್ಕಿಳಿದರೆ ಅದೆಲ್ಲ ಹಾರಿಹೋಗುತ್ತಿತ್ತು. “ಲಗೂ! ಲಗೂ ಲಗೂ! ಏ, ಬಗ್ಗ್ರೇ, ಮೊಣಕಾಲ್ ಬಗ್ಗಸ್ರಿ!” ಚೀನೀ ಹುಡುಗಿಯರು, ಮಲಯ್ ಹುಡುಗಿಯರು, ಒಬ್ಬಳು ತಮಿಳಿನವಳು. ಎಲ್ಲರೂ ಒಂದೇ ತಿಂಗಳಿನಲ್ಲಿ, ಇಲ್ಲಿಯವರ ಮಾತಿನ ಕೊನೆಯ ‘ಲಾ’ ಸೇರಿಸಿ, ತಮ್ಮತಮ್ಮಲ್ಲೇ “ಲಗೂ ಲಗೂ ಲಾ!” ಅಂತ ಕೂಗಾಡಲು ಶುರುಮಾಡಿದರು. ಎದುರು ಟೀಮಿನವರು ಇದ್ಯಾವ ಗುಟ್ಟಿನ ಸಂಕೇತವೋ ಅಂತ ಕಣ್ಣುಕಣ್ಣು ಬಿಡುತ್ತಿದ್ದರು.

ಇನ್ನು ಕೊನೇ ಬಾಲಿನ ವಿಷಯ. ಪ್ರ್ಯಾಕ್ಟೀಸ್ ಮುಗಿಯುವ ಹೊತ್ತಿಗೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರೇ ಗೆರೆಯ ಹಿಂದಿನಿಂದ ಬಾಲನ್ನು ರಿಂಗಿಗೆ ಹಾಕಬೇಕು. ಹಾಕಿದವರು ಪಕ್ಕಕ್ಕೆ ಸರಿದು ನಿಲ್ಲಬಹುದು, ಮನೆಗೆ ಹೋಗುವಂತಿಲ್ಲ. ತಪ್ಪಿಸಿದವರು ಮತ್ತೆ ಸಾಲಿನ ಹಿಂದಕ್ಕೆ. ಹೀಗೆ ಕೊನೆಯವಳ ಬಾಲ್ ಬೀಳುವ ತನಕ ಹದಿನಾರೂ ಜನ ನಿಂತಿರಬೇಕು. ನಗುವಂತಿಲ್ಲ, ಫೋನ್ ನೋಡುವಂತಿಲ್ಲ, ‘ಕಮಾನ್ ಕಮಾನ್’ ಅಂತ ಕೂಗಿ ಅವಳ ಎದೆ ಹೊಡೆದುಕೊಳ್ಳುವ ಹಾಗೆ ಮಾಡುವಂತಿಲ್ಲ. ಸುಮ್ಮನೆ ನಿಂತಿರಬೇಕು. ಬಾಲ್ ಬಿದ್ದರೆ ಕೋಚ್ ಎದ್ದು ಎರಡು ಚಪ್ಪಾಳೆ ತಟ್ಟಿ, “ನಡೀರಿ ಮನೀಗೆ” ಅನ್ನುವರು.

ಕಾಲೇಜಿನ ಗೇಟಿಗೆ ಬೀಗ ಹಾಕಿಸುವ ಜವಾಬ್ದಾರಿ ನನ್ನದು. ಹಾಗಾಗಿ ನಾನೂ ಕೂತಿರಬೇಕು, ಸೊಳ್ಳೆ ಹೊಡೆದುಕೊಂಡು ಟೆಸ್ಟ್ ಪೇಪರ್ ತಿದ್ದುತ್ತ. ಒಂದು ದಿನ ರೇಗಿಹೋಯಿತು. “ಕೋಚ್, ಬಾಲ್ ಹಾಕ್ದೋರ್ನ ಕಳಿಸಿ, ಹಾಕದೇ ಇರೋಳಿಗೆ ಆಮೇಲೆ ನೀವೇ ಕೂತ್ಕೊಂಡು ಹೇಳ್ಕೊಡಿ. ಎಲ್ರನ್ನೂ ಯಾಕ್ ನಿಲ್ಲಿಸ್ತೀರ?”

“ಕಾಯೂದೂ ಪ್ರ್ಯಾಕ್ಟೀಸ್ ಐತ್ರಿ ಮೇಡಂ” ಅಂದರು. “ಆಕೀಗೆ ಬರೂದಿಲ್ಲಂತ ಬಿಟ್ಟು ಹೋದ್ರ, ನಾಳಿ ಮ್ಯಾಚಿನ್ಯಾಗ ಆಕಿ ಇವರಿಗ್ಯಾಕ ಪಾಸ್ ಕೊಡ್ತಾಳ?”

ನನಗದು ತಲೆಹರಟೆ ಅನ್ನಿಸಿತ್ತು. ಆದರೆ ಸೋಲುವುದೇ ರೂಢಿಯಾಗಿದ್ದ ನಮ್ಮ ಹುಡುಗಿಯರು ಆ ವರ್ಷ ಸಣ್ಣ ಕಾಲೇಜುಗಳ ಗುಂಪಿನಲ್ಲಿ ಸೆಮಿಫೈನಲ್ ತನಕ ಹೋದರು. ಮುಂದಿನ ವರ್ಷ ಫೈನಲ್.

ಅಲ್ಲಿಂದ ನನ್ನ ನಿಜವಾದ ಕೆಲಸ ಶುರುವಾಯಿತು. ಸಣ್ಣ ಕಾಲೇಜಿನ ಹಣೆಬರಹವೇ ಇಷ್ಟು. ಕೋಚ್ ಸೋತರೆ ನಾವೇ ಕಳಿಸುತ್ತೇವೆ, ಗೆದ್ದರೆ ದೊಡ್ಡವರು ಬಂದು ಎತ್ತಿಕೊಂಡು ಹೋಗುತ್ತಾರೆ. ಆ ಫೈನಲ್ ಮುಗಿದ ಸಂಜೆಯೇ ಒಂದು ದೊಡ್ಡ ಕಾಲೇಜಿನವನು ಬಂದು ಇವರ ಕೈ ಕುಲುಕಿ ಕಾರ್ಡ್ ಕೊಟ್ಟ. ಏಸಿ ಹಾಲ್, ಮೂವರು ಸಹಾಯಕರು, ಹೊರದೇಶಕ್ಕೆ ಟೂರು. ಮೇಲಾಗಿ ಕಾಲೇಜು ಬ್ಯೂನಾ ವಿಸ್ಟಾಕ್ಕೆ ಹತ್ತಿರ. ನಮ್ಮ ಪ್ರಿನ್ಸಿಪಾಲರಿಗೆ ಗಾಬರಿಯಾಯಿತು. ನನ್ನನ್ನು ಕರೆದು, “ಹಿ ಈಸ್ ಫ್ರಮ್ ಯುವರ್ ಸೈಡ್. ಯು ಟಾಕ್ ಟು ಹಿಮ್ ಲಾ. ವಿ ಕೆನಾಟ್ ಲೂಸ್ ಹಿಮ್” ಅಂದರು. ಮೈಸೂರೆಲ್ಲಿ, ಹುಬ್ಬಳ್ಳಿಯೆಲ್ಲಿ! ಆ ಯಮ್ಮನಿಗೆ ಎರಡೂ ಒಂದೇ ಓಣಿ.

ಹೀಗೆ ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಕೋಚನ್ನು ಉಳಿಸಿಕೊಳ್ಳುವ ನನ್ನ ಯಾತ್ರೆ. ಬೆಡೋಕ್‌ನ ಹಾಕರ್ ಸೆಂಟರಿಗೆ, ಅಂದರೆ ಸಾಲು ತಿಂಡಿ ಅಂಗಡಿಗಳ ಕಡೆಗೆ, ಕರೆದುಕೊಂಡು ಹೋಗುತ್ತಿದ್ದೆ. ಅವರು ಟೀ ಮಾತ್ರ ಕುಡಿಯುವರು. ನಾನು ಮನೆಯಿಂದ ಚಟ್ನಿಪುಡಿ ಡಬ್ಬಿ ಒಯ್ಯುತ್ತಿದ್ದೆ, ಲಂಚ ಅಂತಲೇ ಇಟ್ಟುಕೊಳ್ಳಿ. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಇದಕ್ಕ ಬೆಲ್ಲಾ ಯಾಕ್ ಹಾಕ್ತೀರ್ರಿ? ಚಟ್ನಿನೋ ಚಿಕ್ಕಿನೋ?” ಅನ್ನುವರು. ತಮ್ಮ ಚೀಲದಿಂದ ಶೇಂಗಾ ಚಟ್ನಿ ತೆಗೆದು, ಇದು ಚಟ್ನಿ ಅಂದ್ರ, ಅಂತ ನನ್ನ ಕಡೆ ತಳ್ಳುವರು. ಅದರ ಖಾರಕ್ಕೆ ನನ್ನ ಕಣ್ಣು ಮೂಗಲ್ಲೆಲ್ಲ ನೀರು. ಅಂಥದನ್ನು ನಮ್ಮ ಹುಡುಗಿಯರು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದರು.

“ಮುಂದಿನ್ ವರ್ಷ ಇರ್ತೀರಲ್ವಾ ಕೋಚ್?”

“ಎಲ್ಲಿ ಹೋಗ್ಲಿ ಮೇಡಂ? ಅಲ್ಲಿ ಆರಕ್ಕ ಗಂಟಿ ಹೊಡದ್ರ ಮುಗೀತಂತ. ಬಾಲ್ ಬೀಳ್ಲಿ ಬಿಡ್ಲಿ, ಹಾಲ್ ಖಾಲಿ ಮಾಡ್ಬೇಕಂತ. ನಂಗ ಅದು ಬಗಿಹರಿಯಂಗಿಲ್ಲ.”

ಅಷ್ಟಕ್ಕೇ ನನ್ನ ಯಾತ್ರೆ ಸಫಲ. ಪ್ರಿನ್ಸಿಪಾಲರಿಗೆ ಹೋಗಿ, ಇರ್ತಾರಂತೆ, ಅನ್ನುತ್ತಿದ್ದೆ. ಯಾಕೆ ಇರುತ್ತಾರೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುವುದನ್ನು ನಂಬುತ್ತಿದ್ದರೋ ಇಲ್ಲವೋ. ಒಬ್ಬ ಮನುಷ್ಯ ಏಸಿ ಹಾಲ್ ಬಿಟ್ಟು ಸೊಳ್ಳೆ ಕಚ್ಚುವ ಸಿಮೆಂಟ್ ಅಂಗಳದಲ್ಲಿ ಉಳಿಯುವುದು ಒಬ್ಬ ಹುಡುಗಿಗಾಗಿ ಎಲ್ಲರೂ ಕಾಯಬಹುದು ಅನ್ನುವ ಕಾರಣಕ್ಕೆ ಅಂದರೆ ಯಾರು ನಂಬುತ್ತಾರೆ?

ಸೂ ಯಿನ್ ಬಂದದ್ದು ಐದನೆಯ ವರ್ಷ. ಗಿಡ್ಡಕ್ಕೆ, ದಪ್ಪ ಕನ್ನಡಕ ಹಾಕಿಕೊಂಡು, ಯಾರಾದರೂ ಜೋರಾಗಿ ಮಾತಾಡಿದರೆ ಬೆಚ್ಚಿಬೀಳುವ ಹುಡುಗಿ. ನನ್ನ ಮ್ಯಾಥ್ಸ್ ಕ್ಲಾಸಿನಲ್ಲೂ ಇದ್ದಳು, ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಈ ಆಟಕ್ಕೆ ಯಾಕೆ ಸೇರಿದಳೋ ದೇವರಿಗೇ ಗೊತ್ತು. ದಿನವೂ ಕೊನೆಯವಳು ಅವಳೇ. ಎಸೆದ ಬಾಲ್ ಒಂದು ದಿನ ಹಲಗೆಗೂ ತಾಗದು, ಇನ್ನೊಂದು ದಿನ ಬೇಲಿಯಾಚೆ ಹೋಗುವುದು. ನಮ್ಮನೆಯಲ್ಲಿ ಊಟ ಮತ್ತಷ್ಟು ತಡವಾಯಿತು. “ಅದೇ ಹುಡುಗೀನಾ?” ಅಂತ ಕೇಳುವಷ್ಟು ನನ್ನ ಗಂಡನಿಗೂ ಅವಳ ಪರಿಚಯವಾಗಿತ್ತು.

ಮೊದಮೊದಲು ಅವಳು ಅಳುತ್ತಿದ್ದಳು. ಕೋಚ್ ಅವಳ ಹತ್ತಿರವೂ ಹೋಗುತ್ತಿರಲಿಲ್ಲ. ಕೂತಲ್ಲಿಂದಲೇ, “ಟೈಮ್ ಐತಿ. ವಿ ಹ್ಯಾವ್ ಟೈಮ್” ಅನ್ನುವರು. ಕೆಲವು ತಿಂಗಳು ಕಳೆದ ಮೇಲೆ ಅಳು ನಿಂತಿತು. ಅವಳಿಗೆ ಬಾಲ್ ಹಾಕುವುದು ಬಂತು ಅಂತಲ್ಲ, ಹದಿನೈದು ಜನ ಮುಖ ಸಿಂಡರಿಸದೆ ತನಗಾಗಿ ನಿಂತಿರುತ್ತಾರೆ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು. ಒಂದು ದಿನ ನನ್ನ ಕ್ಲಾಸಿನಲ್ಲಿ ಕೈಯೆತ್ತಿ, ಬೋರ್ಡಿನ ಮೇಲೆ ನಾನು ಮಾಡಿದ್ದ ತಪ್ಪು ತೋರಿಸಿದಳು. ನಾನು ಬೆರಗಾಗಿ ಅದನ್ನು ಕೋಚ್‌ಗೆ ಹೇಳಿದರೆ, “ನಿಮ್ಮ ತಪ್ಪ ಹಿಡದ್ಲಾ? ಶಾಣ್ಯಾ ಹುಡುಗಿ!” ಅಂತ ತೊಡೆ ತಟ್ಟಿ ನಕ್ಕರು.

ಆ ವರ್ಷ ನಾವು ಗೆದ್ದೆವು. ಕಪ್ ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಹುಡುಗಿಯರು ಕೂಗಿದ ಕೂಗಿಗೆ ಡ್ರೈವರ್ ಅಂಕಲ್ ಎರಡು ಸಲ ದಾರಿ ತಪ್ಪಿದರು. ಸೂ ಯಿನ್ ಒಂದು ನಿಮಿಷವೂ ಆಡಿರಲಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ಕೋಚ್ ಕಿಟಕಿಯ ಪಕ್ಕ ಕೂತು ಲವಂಗ ಕಡಿಯುತ್ತಿದ್ದರು. ಅವರ ಜೀವನದಲ್ಲಿ, ನನ್ನ ಜೀವನದಲ್ಲಿ ಅಂಥ ಸಂಜೆ ಇನ್ನೊಂದಿರಲಿಲ್ಲ.

ಅದೇ ನಮಗೆ ಮುಳುವಾಯಿತು.

ನಮ್ಮ ಪ್ರಿನ್ಸಿಪಾಲ್ ಕೆಟ್ಟವರಲ್ಲ. ಇದನ್ನು ಎಷ್ಟು ಸಿಟ್ಟಿದ್ದರೂ ಹೇಳಲೇಬೇಕು. ಗೆದ್ದ ಕೋಚನ್ನು ಈ ಸಲ ದೊಡ್ಡ ಕಾಲೇಜಿನವರು ಬಿಡುವುದಿಲ್ಲ, ಅವರು ಕೊಡುವುದನ್ನೆಲ್ಲ ನಾವೂ ಕೊಟ್ಟುಬಿಟ್ಟರೆ ಉಳಿಯುತ್ತಾರೆ ಅಂತ ಅವರು ಲೆಕ್ಕ ಹಾಕಿದರು. ಎಲ್ಲೆಲ್ಲೋ ಓಡಾಡಿ ಅನುಮತಿ ತಂದು, ಹಳೇ ಸಭಾಂಗಣವನ್ನು ಏಸಿ ಹಾಲ್ ಮಾಡಿಸಿದರು. ಮರದ ನೆಲ, ಹೊಸ ರಿಂಗು. ಜೊತೆಗೆ ದೊಡ್ಡವರ ಕಾಯಿದೆಗಳೂ ಬಂದವು. ಟೀಮಿನಲ್ಲಿ ಹನ್ನೆರಡೇ ಜನ, ಆಯ್ಕೆಯಾದವರು ಮಾತ್ರ. ಉಳಿದವರು ಬೇರೆ ಕ್ಲಬ್ ನೋಡಿಕೊಳ್ಳಲಿ. ಟ್ಯೂಶನ್ ತಪ್ಪುತ್ತದೆ ಅಂತ ಅಪ್ಪ ಅಮ್ಮಂದಿರು ದೂರು ಕೊಟ್ಟಿದ್ದಾರೆ, ಆದ್ದರಿಂದ ಪ್ರ್ಯಾಕ್ಟೀಸ್ ಆರು ಗಂಟೆಗೆ ಖಡಾಖಂಡಿತ ಬಂದ್. ಹಾಲಿನ ದೀಪಗಳಿಗೆ ಟೈಮರ್.

ಮೀಟಿಂಗಿನಲ್ಲಿ ಕೋಚ್ ಎಲ್ಲ ಕೇಳಿಸಿಕೊಂಡರು. “ಆರ್ ಯೂ ಹ್ಯಾಪಿ, ಕೋಚ್?” ಅಂತ ಪ್ರಿನ್ಸಿಪಾಲ್ ಮುಖ ಅರಳಿಸಿಕೊಂಡು ಕೇಳಿದಾಗ “ಥ್ಯಾಂಕ್ಯೂ ಮೇಡಂ” ಅಂದರು. ನಾನು ಬಾಯಿ ಹಾಕಿದೆ. ಆರಕ್ಕೆ ಮುಗಿಸಿದರೆ ಕೊನೇ ಬಾಲ್ ಇರುವುದಿಲ್ಲ, ಅದಿಲ್ಲದಿದ್ದರೆ ಇವರಿಗೆ ಇಲ್ಲೇನಿದೆ, ಅಂತ ಇಂಗ್ಲಿಷಿನಲ್ಲಿ ಬಡಬಡಿಸಿದೆ. ಪ್ರಿನ್ಸಿಪಾಲ್ ನನ್ನನ್ನೊಂದು ಥರ ನೋಡಿದರು. “ಇಟ್ಸ್ ಜಸ್ಟ್ ಫ್ರೀ ಥ್ರೋಸ್, ನೋ?”

ಹೊರಗೆ ಬಂದ ಮೇಲೆ ಕೋಚ್ ನನ್ನ ಹತ್ತಿರ ಒಂದೇ ಒಂದು ಕೇಳಿದರು. “ಹಾಲ್ ಭಾಳ ಛಲೋ ಐತ್ರಿ ಮೇಡಂ. ಆ ಸಣ್ಣ ಹುಡುಗೀನ ತಗೀಬ್ಯಾಡಂತ ಹೇಳ್ರಿ.” ನಾನು ಮತ್ತೆ ಹೋಗಿ ಜಗಳ ಕಾದೆ. ಕೊನೆಗೆ ಸೂ ಯಿನ್‌ಗೆ ‘ಟೀಮ್ ಮ್ಯಾನೇಜರ್’ ಅಂತ ಬಿರುದು ಕೊಟ್ಟು ನೀರಿನ ಬಾಟಲಿಗಳ ಚೀಲ ಕೈಗೆ ಕೊಟ್ಟರು. ಆಡುವ ಹಾಗಿಲ್ಲ, ಇರಬಹುದು.

ಹೊಸ ಹಾಲಿನಲ್ಲಿ ಮೊದಲ ದಿನ ಕೋಚ್ ಹಳೇ ಅಭ್ಯಾಸದಂತೆ ಎಲ್ಲರನ್ನೂ ಸಾಲು ನಿಲ್ಲಿಸಿದರು, ಸೂ ಯಿನ್‌ಳನ್ನೂ ಕರೆದರು. ಅವಳು ಸಾಲಿನ ಕೊನೆಗೆ ಬಂದು, ಗೆರೆಯ ಮೇಲೆ ಕಾಲಿಟ್ಟು, ಮೊಣಕಾಲು ಬಗ್ಗಿಸಿ ಬಾಲ್ ಎತ್ತುತ್ತಿದ್ದ ಹಾಗೇ ದೀಪಗಳೆಲ್ಲ ಆರಿಹೋದವು. ಕತ್ತಲಲ್ಲಿ ಬಾಲ್ ಎಲ್ಲೋ ಬಿದ್ದು ಪುಟಿಯುವ ಸದ್ದು ಕೇಳಿತು. “ಸಾರಿ ಕೋಚ್” ಅಂದಳು ಆ ಹುಡುಗಿ. ಅವಳು ಯಾಕೆ ಸಾರಿ ಕೇಳಬೇಕು, ಹೇಳಿ? ಮಾರನೇ ದಿನದಿಂದ ಕೋಚ್ ಸಾಲು ನಿಲ್ಲಿಸಲಿಲ್ಲ. ಆರಕ್ಕೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ನನ್ನ ಗಂಡನೂ ಫೋನ್ ಮಾಡುವುದು ಬಿಟ್ಟರು. ನಮ್ಮನೆ ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು, ನನಗೆ ಒಂದು ತುತ್ತೂ ರುಚಿಸುತ್ತಿರಲಿಲ್ಲ.

ಸೀಸನ್ ಮುಗಿಯಿತು. ಚಟ್ನಿಪುಡಿ ಡಬ್ಬಿ ಹಿಡಿದು ಹಾಕರ್ ಸೆಂಟರಿಗೆ ಹೋದೆ. ಅವರು ಮೊದಲೇ ಬಂದು ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ, “ಈ ಸಲ ಹೋಗ್ತೀನ್ರಿ ಮೇಡಂ” ಅಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಅಲ್ಲೂ ಆರಕ್ಕೇ ಮುಗಿಯೋದಲ್ವಾ? ಅಲ್ಲೂ ಟೈಮರ್ರೇ ಅಲ್ವಾ? ಇಷ್ಟ್ ವರ್ಷ ಅದನ್ನೇ ಹೇಳ್ಕೊಂಡು ಇದ್ರಲ್ಲ ಕೋಚ್! ಎರಡೂ ಕಡೆ ಒಂದೇ ಆದ್ಮೇಲೆ ಇಲ್ಲೇ ಇರೋಕೇನು?”

ಅವರು ಟೀ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. “ಅಲ್ಲಿ ಆರಕ್ಕ ಮುಗೀತೈತಿ ಅಂತ ಮೊದಲ ದಿನಾನ ಹೇಳ್ಯಾರ್ರಿ. ಅವರದೇನ್ ತಪ್ಪಿಲ್ಲ. ಇಲ್ಲಿ ಹಂಗಿರ್ಲಿಲ್ಲ.” ಲೋಟ ಕೆಳಗಿಟ್ಟು ಅಂದರು: “ಇಲ್ಲೇ ಇದ್ರ ದಿನಾ ಆರಕ್ಕ ಆ ಹುಡುಗಿ ಮಾರಿ ನೋಡ್ಬೇಕು. ಚೀಲಾ ಹಿಡ್ಕೊಂಡು ನಿಂತಿರ್ತಾಳ, ಇವತ್ತರೆ ಕರೀತಾರೇನೋ ಅಂತ. ನಂಗ ಆಗವಲ್ದ್ರಿ.”

ನಾನು ಅಷ್ಟು ಜನರ ಮಧ್ಯೆ ಅತ್ತುಬಿಟ್ಟೆ. ಪಕ್ಕದ ಟೇಬಲ್ಲಿನ ಅಜ್ಜಿ ಚೀನೀ ಭಾಷೆಯಲ್ಲಿ ಏನೋ ಅಂದು ನನ್ನ ಕಡೆ ಟಿಶ್ಯೂ ಪ್ಯಾಕೆಟ್ ತಳ್ಳಿದರು. ಕೋಚ್ ಡಬ್ಬಿ ಬಿಚ್ಚಿ ಒಂದು ಚಿಟಿಕೆ ಚಟ್ನಿಪುಡಿ ಬಾಯಿಗೆ ಹಾಕಿಕೊಂಡರು. ಬೆಲ್ಲದ ಮಾತೆತ್ತಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೊಯ್ದರು, ಮೊದಲ ಸಲ.

ಕೊನೆಯ ಪ್ರ್ಯಾಕ್ಟೀಸನ್ನು ಹಿಂದಿನ ಸಿಮೆಂಟ್ ಅಂಗಳದಲ್ಲಿ ಮಾಡುತ್ತೇನೆ ಅಂದರು. ಅಲ್ಲಿ ಟೈಮರ್ ಇರಲಿಲ್ಲ, ಬೀದಿ ದೀಪದ ಬೆಳಕು. ಸಂಜೆ ಎಲ್ಲ ಮುಗಿದ ಮೇಲೆ ಹುಡುಗಿಯರು ಯಾರೂ ಹೇಳದೆಯೇ ಸಾಲು ನಿಂತರು. ಕ್ಯಾಪ್ಟನ್ ಮೊದಲು. ಆ ಹುಡುಗಿ ಗೆರೆಯ ಹಿಂದಿನಿಂದ ಎಸೆದರೆ ತಪ್ಪುವ ಮಾತೇ ಇರಲಿಲ್ಲ. ತಪ್ಪಿತು. ಸಾಲಿನ ಹಿಂದಕ್ಕೆ ಹೋದಳು. ಎರಡನೆಯವಳದೂ ತಪ್ಪಿತು. ಮೂರನೆಯವಳು ರಿಂಗಿನ ಕಡೆ ನೋಡಲೂ ಇಲ್ಲ. ಕೊನೇ ಬಾಲ್ ಬೀಳುವ ತನಕ ಯಾರೂ ಹೋಗುವಂತಿಲ್ಲ, ಕೋಚ್ ಕೂಡ. ಅವರದೇ ಕಾಯಿದೆ. ಹುಡುಗಿಯರು ಅದನ್ನೇ ಹಿಡಿದು ಅವರನ್ನು ಕಟ್ಟಿಹಾಕಿದ್ದರು. ನಾನು ಇಷ್ಟು ವರ್ಷ ಡಬ್ಬಿ ಹಿಡಿದು ಮಾಡಿದ ಕೆಲಸವನ್ನು ಅವರು ಬಾಲ್ ತಪ್ಪಿಸಿ ಮಾಡುತ್ತಿದ್ದರು.

ಕೋಚ್‌ಗೆ ಗೊತ್ತಾಗದೆ ಇರುತ್ತದೆಯೇ? ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ನೋಡಿದರು. ಬಯ್ಯಲಿಲ್ಲ, ಲಗೂ ಅನ್ನಲಿಲ್ಲ. ಸಾಲು ಸುತ್ತಿ ಸುತ್ತಿ ಬಂತು. ಯಾರದೋ ಅಪ್ಪ ಗೇಟಿನಾಚೆ ಕಾರಿನ ಹಾರ್ನ್ ಹೊಡೆದರು, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಕೋಚ್ ಎದ್ದರು. ಬಾಲನ್ನು ಎತ್ತಿಕೊಂಡು, ಬಾಟಲಿ ಚೀಲ ಹಿಡಿದು ಬೇಲಿಗೆ ಒರಗಿ ನಿಂತಿದ್ದ ಸೂ ಯಿನ್ ಹತ್ತಿರ ಹೋದರು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ತಲೆ ಅಲ್ಲಾಡಿಸಿದಳು. ಅವರು ಮಂಡಿಯೂರಿ, ಅವಳ ಎತ್ತರಕ್ಕೆ ಬಂದು, ಬಾಲನ್ನು ಮುಂದೆ ಹಿಡಿದು ಕನ್ನಡದಲ್ಲೇ ಅಂದರು: “ನೀ ಹಾಕವ್ವಾ. ನಾ ಹೋಗ್ಬೇಕು.”

ಅವಳಿಗೆ ಕನ್ನಡ ಬರುವುದಿಲ್ಲ. ಬಾಲ್ ತೆಗೆದುಕೊಂಡಳು. ಗೆರೆಯ ಹಿಂದೆ ನಿಂತಳು, ಮೊಣಕಾಲು ಬಗ್ಗಿಸಿದಳು, ಎಸೆದಳು. ಎರಡು ವರ್ಷದಲ್ಲಿ ಒಂದು ದಿನವೂ ಮೊದಲ ಸಲಕ್ಕೆ ಹಾಕದಿದ್ದ ಹುಡುಗಿಯ ಬಾಲ್ ರಿಂಗಿಗೆ ತಾಗದೆ ನೇರ ಒಳಗೆ ಇಳಿಯಿತು. ಅವಳು ಏನೋ ಅಪರಾಧ ಮಾಡಿದವಳ ಹಾಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ಕೋಚ್ ಎರಡು ಚಪ್ಪಾಳೆ ತಟ್ಟಿದರು. “ನಡೀರಿ ಮನೀಗೆ.” ಉಳಿದವರು ಯಾರೂ ಇನ್ನೂ ಬಾಲ್ ಹಾಕಿರಲಿಲ್ಲ. ಅದನ್ನವರು ಕೇಳಲಿಲ್ಲ.

ಆಮೇಲೆ ಅವರನ್ನು ನಾನು ನೋಡಿದ್ದು ಒಂದೇ ಸಲ, ಬಿಶಾನ್‌ನಲ್ಲಿ ನಡೆದ ಒಂದು ಮ್ಯಾಚಿನಲ್ಲಿ. ನಮ್ಮ ಕಾಲೇಜಿಗೆ ಎದುರಾಳಿ ಅವರ ಹೊಸ ಟೀಮು. ಟೈ ಕಟ್ಟಿದ್ದರು, ಕುರ್ಚಿಯ ಮೇಲೆ ಕೂತಿದ್ದರು. ಹಣೆಯ ವಿಭೂತಿ ಹಾಗೇ ಇತ್ತು, ಏಸಿಯಲ್ಲಿ ಬೆವರಿಲ್ಲವಲ್ಲ, ಕರಗಿರಲಿಲ್ಲ. ನಾವು ಹೀನಾಯವಾಗಿ ಸೋತೆವು. ಎಲ್ಲ ಮುಗಿದು ನಾವು ಹೊರಡುವಾಗ ಅವರು ನಮ್ಮ ಬೆಂಚಿನ ಹತ್ತಿರ ಬಂದರು, ಹುಡುಗಿಯರ ತಲೆ ನೇವರಿಸಿದರು, ಬಗ್ಗಿ ನಮ್ಮ ನೀರಿನ ಬಾಟಲಿಗಳ ಚೀಲ ಎತ್ತಿ ಹೆಗಲಿಗೇರಿಸಿಕೊಂಡು ನಮ್ಮ ಬಸ್ಸಿನ ಕಡೆ ನಡೆದರು. ಅರ್ಧ ದಾರಿಗೆ ಹೋದ ಮೇಲೆ ನಿಂತರು. ಚೀಲವನ್ನು ನಿಧಾನಕ್ಕೆ ಕೆಳಗಿಟ್ಟರು. ನನ್ನ ಕಡೆ ತಿರುಗಿ, “ರೂಢಿ ನೋಡ್ರಿ ಮೇಡಂ” ಅಂದು ನಗಲು ಹೋದರು. ನಗು ಬರಲಿಲ್ಲ. ತಮ್ಮ ಟೀಮಿನ ಕಡೆ ಹೊರಟುಹೋದರು.

ಕೋಚ್ ಹೆಂಡತಿ ಫೋನ್ ಮಾಡಿದ್ದು ಹೋದ ತಿಂಗಳ ಒಂದು ಶನಿವಾರ ಬೆಳಿಗ್ಗೆ. “ಮೇಡಂ, ಊರಿಗೆ ಹೋಗಿದ್ರು. ಬೆಳಿಗ್ಗೆ ಅಕ್ಕ ಚಹಾ ಕೊಡೋಕ್ ಹೋದ್ರೆ ಏಳಲಿಲ್ಲಂತೆ” ಅಂದರು. ಅವರು ಏರ್‌ಪೋರ್ಟಿನಲ್ಲಿದ್ದರು. “ಅಡುಗೆಮನೇಲಿ ನಿಮ್ ಡಬ್ಬಿ ಇದೆ. ಪುಡಿ ಖಾಲಿಯಾದ್ರೂ ತೊಳೆಯೋಕೆ ಬಿಡ್ತಿರ್ಲಿಲ್ಲ, ವಾಪಸ್ ಕೊಡ್ಬೇಕು ಅಂತಿದ್ರು, ಕೊಡ್ತಾನೂ ಇರ್ಲಿಲ್ಲ.”

ಹಳೆಯ ಹುಡುಗಿಯರದೊಂದು ವಾಟ್ಸಾಪ್ ಗುಂಪಿದೆ, ಹೆಸರು ‘ಲಗೂ ಲಗೂ’. ಅದರಲ್ಲಿ ಹಾಕಿದೆ. ಹುಬ್ಬಳ್ಳಿಗೆ ಯಾರೂ ಹೋಗುವಂತಿರಲಿಲ್ಲ. ಭಾನುವಾರ ಸಂಜೆ ಬೆಡೋಕ್‌ನಲ್ಲಿ ನಮ್ಮ ಬ್ಲಾಕಿನ ಕೆಳಗಿರುವ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಒಬ್ಬೊಬ್ಬರೇ ಬಂದರು. ಕೆಲವರು ಭಾನುವಾರದ ಡ್ಯೂಟಿ ಅರ್ಧಕ್ಕೆ ಬಿಟ್ಟು, ಒಬ್ಬಳು ಮಗುವನ್ನು ಎತ್ತಿಕೊಂಡು. ಯಾರೋ ಬ್ರೆಡ್ ತಂದಿದ್ದರು. ನಾನು ಶೇಂಗಾ ಚಟ್ನಿ ಮಾಡಿದ್ದೆ, ಬೆಲ್ಲ ಹಾಕದೆ, ಕಣ್ಣಲ್ಲಿ ನೀರು ಬರುವಷ್ಟು ಖಾರ ಸುರಿದು. ಯಾರೂ ಭಾಷಣ ಮಾಡಲಿಲ್ಲ. ಸಾಲು ನಿಂತರು.

ಆ ದಿನ ಬೇಕಂತ ತಪ್ಪಿಸಿದ್ದವರೆಲ್ಲ ಇವತ್ತು ಹಾಕಿದರು. ಕ್ಯಾಪ್ಟನ್ ಹಾಕಿದಳು, ಅವಳ ಹಿಂದಿನವಳು ಹಾಕಿದಳು. ಹಾಕಿದವರು ಪಕ್ಕಕ್ಕೆ ಸರಿದು ನಿಂತರು. ಕೊನೆಯಲ್ಲಿ ಸೂ ಯಿನ್. ಈಗ ನರ್ಸಿಂಗ್ ಓದುತ್ತಿದ್ದಾಳೆ. ವಾರದ ಕೊನೆಗೆ ಪ್ರೈಮರಿ ಶಾಲೆಯ ಮಕ್ಕಳಿಗೆ ಇದೇ ಆಟ ಹೇಳಿಕೊಡುತ್ತಾಳೆ. ನಾನೇ ನೋಡಿದ್ದೇನೆ, ಮಾತಾಡುತ್ತ ಮಾತಾಡುತ್ತ ರಿಂಗಿನ ಕಡೆ ನೋಡದೆಯೇ ಹಾಕುತ್ತಾಳೆ. ಗೆರೆಯ ಹಿಂದೆ ನಿಂತು ಎಸೆದಳು. ಬಾಲ್ ಹಲಗೆಗೂ ತಾಗಲಿಲ್ಲ. ಇನ್ನೊಂದು ಸಲ ಎಸೆದಳು. ಅದೂ ಇಲ್ಲ. ಮತ್ತೊಂದು.

ಯಾರೂ ನಗಲಿಲ್ಲ. ಫೋನ್ ನೋಡಲಿಲ್ಲ. ಬೀದಿ ದೀಪ ಹತ್ತಿತು. ‘ನೀ ಹಾಕವ್ವಾ’ ಅನ್ನುವವರು ಈಗ ಇರಲಿಲ್ಲ.

ನನ್ನ ಫೋನ್ ಹೊಡೆದುಕೊಂಡಿತು. ಮೇಲೆ ನಮ್ಮ ಮನೆಯ ಕಾರಿಡಾರಿನಲ್ಲಿ ನಿಂತು ನನ್ನ ಗಂಡ ಕೆಳಗೆ ನೋಡುತ್ತಿದ್ದರು. “ಬಾಲ್ ಬಿತ್ತಾ?” ಅಂದರು. ಎಷ್ಟೋ ವರ್ಷದ ಮೇಲೆ ಕೇಳಿದ್ದರು.

ಬಾಲ್ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂದು ನಿಂತಿತ್ತು. “ಇನ್ನೂ ಇಲ್ಲ” ಅಂದೆ. ಫೋನ್ ಇಟ್ಟು, ಬಾಲ್ ಎತ್ತಿಕೊಂಡು ಹೋಗಿ ಅವಳ ಕೈಗೇ ಕೊಟ್ಟೆ.